ನನ್ನ ಪಾಲಿನ ಬಂಡೆ

ಮಂಡ್ಯದಿಂದ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಖುಷಿಪಡುವಷ್ಟರಲ್ಲಿ ಮುಂದೊಂದು ಜಲ್ಲಿ ತುಂಬಿದ ಟಿಪ್ಪರ್ ಬಂದು ಸೇರಿಕೊಂಡಿತು. ಹಾರಿಬರುವ ಕಲ್ಲುಪುಡಿಗೆ ಒಂದು ವಾಸನೆಯಿದೆ, ನೀವು ಗಮನಿಸಿದ್ದೀರೋ ಇಲ್ಲವೋ. ಕಾನ್ವೆಂಟಿನಲ್ಲಿ ಸ್ಲೇಟು ಒರೆಸಿದಾಗ ಬರುತ್ತಿದ್ದದ್ದೇ, ಆದರೆ ಸ್ವಲ್ಪ ಸುಟ್ಟ ವಾಸನೆ. ಪಕ್ಕದ ಹೆಂಗಸು ಕಿಟಕಿ ಹಾಕಿ ಎಂದಳು. ಸೆರಗನ್ನು ಮೂಗಿಗೆ ಹಿಡಿದು ಹಾಗೇ ಕೂತೆ. ಹತ್ತು ವರ್ಷದ ಕೆಳಗೆ ಇದೇ ಪುಡಿಯನ್ನು ನನ್ನ ಕೈಯಾರೆ ನಮ್ಮೂರು ಪೂರಿಗಾಲಿಗೆ ಬರಮಾಡಿಕೊಳ್ಳುವುದರಲ್ಲಿದ್ದೆ.

ಪೂರಿಗಾಲಿಯಲ್ಲಿ ನನಗೆ ಮೂರು ಎಕರೆ ಬಂಡೆಯಿದೆ. ಜಮೀನು ಅನ್ನಲು ನಾಚಿಕೆ. ಅಪ್ಪ ಹೋದ ಮೇಲೆ ಅಣ್ಣಂದಿರು ಗದ್ದೆ ಹಂಚಿಕೊಂಡು, ತಂಗಿಗೆ ಏನೂ ಕೊಡಲಿಲ್ಲ ಅನ್ನಿಸಿಕೊಳ್ಳಬಾರದೆಂದು ಅದನ್ನು ನನ್ನ ಹೆಸರಿಗೆ ಮಾಡಿಸಿದರು. ನಾನು ಥ್ಯಾಂಕ್ಯೂ ಅಂದೆ. ಸಿಸ್ಟರುಗಳು ನನಗೆ ಕಲಿಸಿದ್ದರಲ್ಲಿ ಬಹುಪಾಲು ಅಂಥದ್ದೇ: ಬೆನ್ನು ನೆಟ್ಟಗಿಟ್ಟು ಕೂರುವುದು, ಸೂಪನ್ನು ಸದ್ದಿಲ್ಲದೆ ಕುಡಿಯುವುದು, ಏನು ಕೊಟ್ಟರೂ ಥ್ಯಾಂಕ್ಯೂ ಅನ್ನುವುದು. ಸೂಪು ಕುಡಿಯುವ ಸಂದರ್ಭ ಮಾತ್ರ ಜೀವನದಲ್ಲಿ ಹೆಚ್ಚು ಬರಲಿಲ್ಲ.

ಬಂಡೆ ಎಂದರೆ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಹರಡಿಕೊಂಡ ಹಾಸುಗಲ್ಲು. ಸುಗ್ಗಿಯಲ್ಲಿ ಸುತ್ತಲಿನ ಮನೆಗಳ ಹುರುಳಿ ಒಣಗುವುದೂ ಬಡಿಯುವುದೂ ಅದರ ಮೇಲೆಯೇ. ಯಾವ ಮನೆಯವರಿಗೆ ಯಾವ ಜಾಗ ಎಂಬುದಕ್ಕೆ ಗೆರೆಯಿಲ್ಲ, ಆದರೆ ಎಲ್ಲರಿಗೂ ಗೊತ್ತು. ಬಾಡಿಗೆಯೂ ಇಲ್ಲ. ಒಂದೊಂದು ಮನೆಯವರು ಒಂದೊಂದು ಸೇರು ಹುರುಳಿ ಎತ್ತಿಟ್ಟು, ಕೆಂಪಮ್ಮನ ಕೈಯಲ್ಲಿ ಮಂಡ್ಯಕ್ಕೆ ನನಗೆ ಕಳಿಸುತ್ತಿದ್ದರು. ಕೆಂಪಮ್ಮನ ಹೊಲ ಬಂಡೆಯ ಬುಡದಲ್ಲೇ ಇದೆ. ಬಂಡೆಯಿಂದ ಇಳಿದ ಮಳೆನೀರೇ ಅವಳ ಬಾವಿಗೆ ಆಧಾರ. ಒಂಟಿ ಹೆಂಗಸಾದ ನನಗೆ ಅಷ್ಟು ಹುರುಳಿಯ ಸಾರು ಕುಡಿದು ಮುಗಿಸುವುದೇ ವರ್ಷವಿಡೀ ಒಂದು ಉದ್ಯೋಗವಾಗಿತ್ತು.

ಹೀಗಿರುವಾಗ ಮದ್ದೂರಿನ ಕಡೆಯ ಕಂಟ್ರಾಕ್ಟರೊಬ್ಬರು ಮನೆಗೆ ಬಂದರು. ಬಂಡೆಯಲ್ಲಿ ಕ್ವಾರಿ ಮಾಡುತ್ತಾರಂತೆ. ಜಮೀನು ನನ್ನದಾದ್ದರಿಂದ ಲೈಸೆನ್ಸಿಗೆ ನನ್ನ ಒಪ್ಪಿಗೆ ಬೇಕು. ಇಪ್ಪತ್ತು ವರ್ಷದ ಲೀಸು. ಸುಮ್ಮನೆ ಬಿದ್ದಿರುವ ಕಲ್ಲಿಗೆ ತಿಂಗಳು ತಿಂಗಳು ದುಡ್ಡು. ಅಗ್ರಿಮೆಂಟ್ ಇಂಗ್ಲಿಷಿನಲ್ಲಿತ್ತು. ಗಟ್ಟಿಯಾಗಿ ಓದಿದೆ. ಇಷ್ಟು ಫ್ಲೂಯೆಂಟಾಗಿ ಓದುವ ಓನರ್ ತಮಗೆ ಇದುವರೆಗೆ ಸಿಕ್ಕಿಲ್ಲ ಎಂದರು. ಆ ಒಂದು ಮಾತಿಗೆ ನಾನು ಎಷ್ಟು ಕರಗಿದೆನೆಂದರೆ, ಕೆಂಪು ಪೆನ್ನು ತಂದು ಅವರ ಸ್ಪೆಲಿಂಗ್ ತಿದ್ದಲು ಕೂತೆ. ಹನ್ನೊಂದು ಪುಟ. ಹತ್ತು ಪುಟಗಳಿಗೆ ಸಹಿಯನ್ನೂ ಹಾಕಿದೆ. ಕೊನೆಯ ಪುಟದಲ್ಲಿ ತಪ್ಪುಗಳು ಜಾಸ್ತಿಯಿದ್ದವು. ನಾಳೆ ಸಂಜೆ ಬನ್ನಿ, ನೀಟಾಗಿ ಮಾಡಿಟ್ಟಿರುತ್ತೇನೆ ಎಂದು ಕಾಗದವನ್ನೆಲ್ಲ ನನ್ನಲ್ಲೇ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಹುರುಳಿ ಚೀಲ ಹೊತ್ತು ಕೆಂಪಮ್ಮ ಬಂದಳು. ಊರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡೆ: ನನಗೂ ವಯಸ್ಸಾಯಿತು, ಆಸ್ಪತ್ರೆ, ಮಾತ್ರೆ ಎಂದು ನೂರೆಂಟು ಇವೆ. ಅವಳು ಅದಾವುದನ್ನೂ ಕೇಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದಳು.

"ಕಲ್ಲ ಅವ್ರು ಒತ್ಕೊಂಡ್ ಓಯ್ತರೆ, ಸರಿ ಕಣವ್ವ. ಗುಂಡಿಯ ಯಾರ್ಗ್ ಬುಟ್ಟೋಯ್ತರೆ?"

ಅದೆಲ್ಲ ಅಗ್ರಿಮೆಂಟಿನಲ್ಲಿ ಇರುತ್ತದೆ ಎಂದೆ.

"ಅಂಗಾರೆ ಓದಿ ಏಳಿ. ನಂಗ್ ಇಂಗ್ಲೀಸ್ ಬರಕಿಲ್ಲ, ನಿಮ್ಗ್ ಬತ್ತದಲ್ಲ."

ಅವಳಿಗಾಗಿ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳತೊಡಗಿದೆ. ಇಂಗ್ಲಿಷಿನಲ್ಲಿ ಅಷ್ಟು ಚೆಂದ ಹರಿದಿದ್ದ ಮಾತುಗಳು ಅವಳ ಮುಖ ನೋಡಿಕೊಂಡು ಹೇಳುವಾಗ ತಡವರಿಸಿದವು. ಎಷ್ಟು ಆಳಕ್ಕೆ ಬೇಕಾದರೂ ತೋಡಬಹುದು. ಅವಧಿ ಮುಗಿದರೆ ಅವರಿಗೆ ಇಷ್ಟವಿದ್ದಷ್ಟು ಕಾಲ ಮುಂದುವರಿಸಬಹುದು, ನನ್ನನ್ನು ಕೇಳಬೇಕಿಲ್ಲ. ಲೀಸನ್ನು ಬೇರೆ ಯಾರಿಗಾದರೂ ದಾಟಿಸಬಹುದು. ಸಿಡಿಮದ್ದಿಗೆ ಅಕ್ಕಪಕ್ಕದ ಗೋಡೆ ಬಿರಿದರೆ, ಬಾವಿ ಬತ್ತಿದರೆ, ಜವಾಬ್ದಾರಿ ಓನರದು. ಇನ್ನು ಸಹಿಯಾಗದ ಕೊನೆಯ ಪುಟ: ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿಸುವುದು, ಬೇಲಿ ಹಾಕಿಸುವುದು, ದನವೋ ಜನವೋ ಬಿದ್ದರೆ ಉತ್ತರ ಹೇಳುವುದು, ಅದೂ ಓನರೇ. ಆ ಪುಟದಲ್ಲಿ ನಾನು ಹದಿಮೂರು ಸ್ಪೆಲಿಂಗ್ ತಿದ್ದಿದ್ದೆ.

"ಅಂದ್ರೆ ಗುಂಡಿ ನಿಮ್ದೇ," ಎಂದಳು ಕೆಂಪಮ್ಮ. "ಅದ್ನ ಯಾರೂ ಒತ್ಕೊಂಡ್ ಓಗಕಿಲ್ಲ ಬುಡಿ."

ನಾನು ಕೆಂಪು ಪೆನ್ನಿನ ಕ್ಯಾಪು ಮುಚ್ಚಿದೆ. ಅವಳ ಬಾವಿಯ ಮಾತನ್ನು ಅವಳು ಎತ್ತಲೇ ಇಲ್ಲ, ಇಂದಿಗೂ ಎತ್ತಿಲ್ಲ.

ಸಂಜೆ ಕಂಟ್ರಾಕ್ಟರ್ ಬಂದರು. ಇದೆಲ್ಲ ಬರೀ ಫಾರ್ಮ್ಯಾಲಿಟಿ, ಎಲ್ಲರೂ ಸಹಿ ಹಾಕಿದ್ದಾರೆ ಎಂದು ಒಂದು ಗಂಟೆ ಹೇಳಿದರು. ನಾನು ಹತ್ತು ಪುಟಗಳನ್ನೂ ಅವರ ಮುಂದೆಯೇ ಹರಿದೆ. ಬಾಗಿಲವರೆಗೆ ಕಳಿಸಿಕೊಟ್ಟು, ಚಿಲಕ ಹಾಕಿ, ಮೂರು ಲೋಟ ನೀರು ಕುಡಿದೆ. ಅವರು ಮುಂದೆ ಬೇರೆ ಯಾರದೋ ಬಂಡೆ ಹಿಡಿದರೆಂದು ಕೇಳಿದೆ. ಆ ಓನರ್ ಕೊನೆಯ ಪುಟ ಓದಿದ್ದರೋ ಇಲ್ಲವೋ ಎಂದು ಆಗಾಗ ಅನ್ನಿಸುತ್ತದೆ.

ಕೆಂಪಮ್ಮನಿಗೆ ಈಗ ಬಸ್ಸು ಹತ್ತಲಾಗುವುದಿಲ್ಲ. ಹಾಗಾಗಿ ಈ ಸಲದ ಹುರುಳಿ ತರಲು ಇವತ್ತು ನಾನೇ ಹೊರಟಿದ್ದು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಪೂರಿಗಾಲಿಯಲ್ಲಿ ಇಳಿದು, ಏದುಸಿರು ಬಿಡುತ್ತ ಬಂಡೆ ಹತ್ತಿದೆ. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಸ್ವಲ್ಪ ಸುಧಾರಿಸಿಕೊಳ್ಳೋಣವೆಂದು ಕೂತೆ. ಯಾವ ಮನೆಯ ಸೊಸೆಯೋ, ನನ್ನ ಗುರುತಿಲ್ಲದ ಹುಡುಗಿಯೊಬ್ಬಳು ತಲೆಯ ಮೇಲೆ ಕುಕ್ಕೆ ಹೊತ್ತು ಬಂದು ನನ್ನ ಮುಂದೆ ನಿಂತಳು.

"ಅಜ್ಜಿ, ಅತ್ಲಾಗ್ ಏಳಿ. ಇದು ನಮ್ ಜಾಗ ಕಣಜ್ಜಿ, ಉಳ್ಳಿ ಆಕ್ಬೇಕು."

ಪಹಣಿಯ ವಿಷಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ಮಂಡಿ ಹಿಡಿದು ಎದ್ದೆ. ಅವಳು ಹುರುಳಿ ಸುರಿದಳು. ನೋಡುತ್ತ ನಿಂತೆ, ಎಷ್ಟು ಹೊತ್ತೋ, ಎದೆ ಹಗುರವಾಗಿ.