ಎಲ್ರಾಯ್ ತುಂಬದ ಫಾರ್ಮು

ನಮ್ಮ ನಾರ್ಡನ್ ಟೆಲಿಫೋನ್ ಸಹಕಾರ ಸಂಘದಲ್ಲಿ ಎಲ್ರಾಯ್ ತ್ಯಾಡನ್ ಮೂವತ್ತೆಂಟು ವರ್ಷ ಸ್ವಿಚ್ ನೋಡಿಕೊಂಡ. ಸ್ವಿಚ್ ಅಂದರೆ ಯಾರ ಕರೆ ಯಾರಿಗೆ ಹೋಗಬೇಕೆಂದು ತೀರ್ಮಾನಿಸುವ ಯಂತ್ರ. ನಮ್ಮೂರಲ್ಲಿ ಅದನ್ನು ತೀರ್ಮಾನಿಸುತ್ತಿದ್ದವನು ಮಾತ್ರ ಎಲ್ರಾಯ್. ಮುಂದಿನ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತ ಈ ಲವೊನ್‌ಗೆ ಗೊತ್ತಿಲ್ಲದ್ದು ಏನಿದೆ?

ಭಾನುವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ಪಾದ್ರಿಯ ಮನೆಯ ಫೋನು ಬಡಿದುಕೊಳ್ಳುತ್ತಿರಲಿಲ್ಲ. ಗ್ಲಾಡಿಸ್ ಮನೆಗೆ ಅವಳ ಮಾಜಿ ಅಳಿಯ ಯಾವಾಗ ಫೋನ್ ಮಾಡಿದರೂ ಬಿಜಿ. ಇದಕ್ಕೆಲ್ಲ ಅರ್ಜಿಯಿಲ್ಲ, ಕಾಗದವಿಲ್ಲ. ಒಂದು ತಟ್ಟೆ ತಿಂಡಿ ಹಿಡಿದು ಹಿಂಬಾಗಿಲಿಗೆ ಬಂದು "ಎಲ್ರಾಯ್, ಸ್ವಲ್ಪ ನೋಡಪ್ಪಾ" ಅಂದರೆ ಸಾಕಿತ್ತು.

ಹೀಗೆ ಊರಿಗೆಲ್ಲ ಉಪಕಾರ ಮಾಡಿದ ಮಹಾರಾಯ ತನಗೂ ಒಂದು ಮಾಡಿಕೊಂಡಿದ್ದ. ಅವನ ತಮ್ಮ ಮರ್ಲ್ ಇರುವುದು ಹನ್ನೊಂದು ಮೈಲಿ ಆಚೆ, ಬಫಲೋ ಕ್ರೀಕ್ ಕಂಪನಿಯ ಗಡಿಯೊಳಗೆ. ಹದಿನಾಲ್ಕು ವರ್ಷದ ಹಿಂದೆ ಕ್ರಿಸ್ಮಸ್ ದಿನ ಇಸ್ಪೀಟು ಆಡುವಾಗ ಮರ್ಲ್ ನೆಂಟರೆಲ್ಲರ ಎದುರು ಅಣ್ಣನನ್ನು ಮೋಸಗಾರ ಅಂದುಬಿಟ್ಟ. ಮರುದಿನವೇ ಎಲ್ರಾಯ್ ಆಫೀಸಿಗೆ ಬಂದು, ಮರ್ಲ್‌ನ ಫೋನಿನಿಂದ ತನ್ನ ಮನೆಗೆ ಕರೆಯೇ ಬಾರದಂತೆ ತಡೆ ಹಾಕಿದ. "ಕ್ಷಮೆ ಕೇಳೋಕೆ ಒದ್ದಾಡ್ಲಿ, ಸಿಗಬಾರದು" ಅಂದ.

ಕೋಪ ಎರಡೇ ವರ್ಷಕ್ಕೆ ಇಳಿಯಿತು. ಆಗಾಗ ತಾನೇ ಮನೆಯಿಂದ ಮರ್ಲ್‌ಗೆ ಫೋನ್ ಮಾಡಿ ನೋಡುತ್ತಿದ್ದ. ಯಾವಾಗಲೂ ಬಿಜಿ. "ಬಾಯಿಬಡುಕ, ಫೋನ್ ಕೆಳಗಿಡೋದೇ ಇಲ್ಲ" ಎಂದು ನನ್ನ ಹತ್ತಿರ ಬೈಯುತ್ತಿದ್ದ. ಆದರೂ ತಡೆ ಮಾತ್ರ ತೆಗೆಯಲಿಲ್ಲ. ತಮ್ಮನಿಲ್ಲದೆ ಸೊರಗುತ್ತಿದ್ದ ಅನ್ನುವುದು ನನಗೆ ಕಾಣುತ್ತಿತ್ತು, ಹೇಳಿದರೆ ಸಿಡುಕುತ್ತಿದ್ದ.

ಅಷ್ಟರಲ್ಲಿ ನಮ್ಮದೂ ಸೇರಿದಂತೆ ಸುತ್ತಲಿನ ಆರು ಸಣ್ಣ ಕಂಪನಿಗಳು ಕೂಡಿ ಒಂದೇ ಹೊಸ ಸ್ವಿಚ್ ತರಿಸಿದವು. ಮಾತನ್ನೆಲ್ಲ ಇಂಟರ್ನೆಟ್ ಜಾಲದಲ್ಲೇ ಸಾಗಿಸುವಂಥದ್ದು. ಅದರ ಉಸ್ತುವಾರಿಗೆ ಬಂದವಳು ಕೆಂಡ್ರಾ, ಮೊಮ್ಮಗಳ ವಯಸ್ಸಿನ ಎಂಜಿನಿಯರು. ಹಳೆಯ ಸ್ವಿಚ್ಚಿನಲ್ಲಿರುವ ಒಂದೊಂದು ವಿಶೇಷ ಏರ್ಪಾಡನ್ನೂ ಪಟ್ಟಿ ಮಾಡಬೇಕು, ಮುಂದುವರಿಸುವುದೋ ಬಿಡುವುದೋ ಎಂದು ಗ್ರಾಹಕರು ಕಾರಣ ಬರೆದು ಸಹಿ ಹಾಕಬೇಕು, ಆರೂ ಕಂಪನಿಗಳ ಸಭೆಯಲ್ಲಿ ಅದನ್ನು ಓದುತ್ತಾರೆ ಅಂದಳು. ಫಾರ್ಮು ಬಾರದಿದ್ದರೆ ಆ ಏರ್ಪಾಡು ರದ್ದು.

ಎಲ್ರಾಯ್ ಬೆವತುಹೋದ. "ಲವೊನ್, ಪಾದ್ರಿದಕ್ಕೆ ಏನಂತ ಕಾರಣ ಬರೀಲಿ?"

"ನಿದ್ದೆ ಅಂತ ಬರಿ. ದೇವರಿಗೆ ಹೇಗೂ ಗೊತ್ತು."

ಒಬ್ಬೊಬ್ಬರೇ ಬಂದು ಕತ್ತು ತಗ್ಗಿಸಿ ಸಹಿ ಹಾಕಿ ಹೋದರು. ಗ್ಲಾಡಿಸ್ ಒಬ್ಬಳೇ ಅಳಿಯನ ಬಗ್ಗೆ ಕಾಗದದ ಹಿಂಬದಿಗೂ ಬರೆದಳು. ಕೊನೆಗೆ ಉಳಿದದ್ದು ಎಲ್ರಾಯನದೇ. ಬರೆಯುತ್ತಿದ್ದ, ಅಳಿಸುತ್ತಿದ್ದ. ಕಾಗದ ತೂತು ಬಿತ್ತು.

"ಇಸ್ಪೀಟಿನ ಜಗಳ ಅಂತ ಆರು ಕಂಪನಿಯವರ ಮುಂದೆ ಓದಿದ್ರೆ ನನ್ನ ಮಾನ ಉಳಿಯುತ್ತೇನೇ?"

"ಹಾಗಾದ್ರೆ ಬರೀಬೇಡ ಮಾರಾಯ. ತಾನಾಗೇ ಹೋಗುತ್ತೆ."

"ಹೋದ್ರೆ ನಾನು ಸೋತ ಹಾಗಲ್ವಾ?"

"ಸೋಲು! ಹಾಳಾಗಿ ಹೋಗು" ಅಂದು ಎದ್ದೆ. ಅಷ್ಟು ರೇಗಿತ್ತು ನನಗೆ.

ಶುಕ್ರವಾರ ಕೆಂಡ್ರಾ ಆರೂ ಕಂಪನಿಗಳ ಪಟ್ಟಿಯನ್ನು ಒಂದುಗೂಡಿಸಿ ತಂದಳು.

"ಎಲ್ರಾಯ್ ಅವರೇ, ಇದೇನಿದು? ಈ ನಂಬರಿಂದ ನಿಮಗೆ ಬರೋ ಕರೆಗೆ ನೀವು ತಡೆ ಹಾಕಿದ್ದೀರಿ. ಬಫಲೋ ಕ್ರೀಕ್ ಪಟ್ಟೀಲಿ ನೋಡಿದ್ರೆ, ನಿಮ್ಮ ಮನೆಯಿಂದ ಹೋಗೋ ಕರೆಗೆ ಅವರೂ ತಡೆ ಹಾಕ್ಸಿದ್ದಾರೆ. ಅದೂ ಹದಿನಾಲ್ಕು ವರ್ಷದಿಂದ!"

ಕುಡಿಯುತ್ತಿದ್ದ ಕಾಫಿ ನನ್ನ ಮೂಗಿಗೆ ಹತ್ತಿತು. ಮೂವತ್ತೆಂಟು ವರ್ಷ ಊರಿಗೆಲ್ಲ ಸುಳ್ಳು ಬಿಜಿ ಕೊಟ್ಟವನು ತನಗೆ ಬಂದ ಸುಳ್ಳು ಬಿಜಿಯನ್ನು ನಂಬಿ ಕೂತಿದ್ದ! ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಲ್ಲಿಯ ಸ್ವಿಚ್ಚಿನವನ ಹತ್ತಿರವೂ ಯಾರೋ ತಟ್ಟೆ ಹಿಡಿದು ಹೋಗಿದ್ದರು ಅನ್ನಿ.

ಎಲ್ರಾಯನ ಮುಖ ಕೆಂಪಾಯಿತು. "ಕಳ್ಳ! ಅವನು ಫಾರ್ಮ್ ಕೊಟ್ಟಿದ್ದಾನಾ?"

"ಕೊಟ್ಟಿದ್ದಾರೆ, ನೋಡಿ."

ಕಿತ್ತುಕೊಂಡು ಓದಿದ. ನಾನೂ ಅವನ ಭುಜದ ಮೇಲಿಂದ ಬಗ್ಗಿ ಓದಿದೆ. ಕಾರಣದ ಜಾಗದಲ್ಲಿ ಮರ್ಲ್ ದಪ್ಪಕ್ಷರದಲ್ಲಿ ಬರೆದಿದ್ದ: "ತಡೆ ತೆಗೆದುಬಿಡಿ. ನಾನು ಮಾಡಿದಾಗೆಲ್ಲ ಅಣ್ಣನ ಫೋನು ಬಿಜಿ. ಅವನೇ ಯಾವತ್ತಾದರೂ ಮಾಡಿದರೆ ಸಿಗಲಿ."

ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಸಂಘದ ಫೋನಿನಲ್ಲಿ ಒಂದು ದಿನವೂ ಸ್ವಂತ ಮಾತು ಆಡದ ಮನುಷ್ಯ ನನ್ನ ಕೌಂಟರಿನ ಫೋನನ್ನು ಎಳೆದುಕೊಂಡು ನಂಬರು ಒತ್ತಿದ. ಎರಡೇ ರಿಂಗಿಗೆ ಆಚೆಯಿಂದ ದನಿ ಬಂತು.

"ಮರ್ಲ್, ನಾನು. ಅವತ್ತು ನಾನು ಮೋಸ ಮಾಡಿರ್ಲಿಲ್ಲ ಕಣೋ."

ಕೆಂಡ್ರಾಗೂ ಕೇಳುವಷ್ಟು ಜೋರಾಗಿ ಆ ಕಡೆಯಿಂದ ಬಂತು: "ಮಾಡಿದ್ದೆ ನೀನು!"

ಎಲ್ರಾಯ್ ಕಣ್ಣು ಒರೆಸಿಕೊಂಡ. ನನ್ನ ಕಡೆ ನೋಡಿದ, ಕೆಂಡ್ರಾ ಕಡೆ ನೋಡಿದ, ಗೋಡೆಯ ಕಡೆ ತಿರುಗಿದ.

"ಹೂಂ ಕಣೋ" ಅಂದ. "ಮಾಡಿದ್ದೆ."