ಬೋರಲು ಹಾಕಿದ ಹರಿಗೋಲು

ಅಂಬಿಗ ಚಾಚಾನ ಅಂಗೈಗಳು ಯಾವಾಗಲೂ ಕುಸುಬೆ ಎಣ್ಣೆಯಲ್ಲಿ ಮಿಂಚುತ್ತಿದ್ದವು. ದಂಡೆಗೆ ಇಳಿಯುವಾಗ ಆತ ಕೈ ಹಿಡಿದರೆ ನನ್ನ ಬಳೆಗಳಿಗೂ ಎಣ್ಣೆ ಮೆತ್ತುತ್ತಿತ್ತು. ಮನೆ ಮುಟ್ಟಿದರೂ ತೊಗಲಿನ ಘಾಟು ಬಿಡುತ್ತಿರಲಿಲ್ಲ. ಭಾಲ್ಕಿ ಕಡೆಯಿಂದ ಔರಾದ ಕಡೆಗೆ ಹೋಗುವವರನ್ನು ಮಾಂಜ್ರಾ ಹೊಳೆ ದಾಟಿಸುವುದು ಆತನ ಕಸುಬು. ಖಟಕ ಚಿಂಚೋಳಿ ನನ್ನ ತವರು, ಗಂಡನ ಮನೆ ಹೊಳೆಯಾಚೆ. ಮದುವೆಯಾದ ಹೊಸತರಲ್ಲಿ ನಾನು ಅಳುತ್ತ ಹೋಗುತ್ತಿದ್ದುದೂ ನಗುತ್ತ ಬರುತ್ತಿದ್ದುದೂ ಆತನ ಹರಿಗೋಲಿನಲ್ಲೇ.

ಹರಿಗೋಲೆಂದರೆ ತೊಗಲು ಹೊದಿಸಿದ ದೊಡ್ಡ ಬಿದಿರು ಬುಟ್ಟಿ. ನೀರಿನಿಂದ ಎತ್ತಿದ ಮೇಲೆ ಅದನ್ನು ದಂಡೆಯ ಮೇಲೆ ಬೋರಲು ಹಾಕಿ, ಅಂಚಿಗೆ ಕಲ್ಲು ಕೊಟ್ಟು ಗಾಳಿಗೆ ಬಿಡಬೇಕು. ಅರೆಹಸಿ ಇರುವಾಗಲೇ ಎಣ್ಣೆ ತಿಕ್ಕಬೇಕು. ಇಲ್ಲವಾದರೆ ಕೊಳೆತು ಹೋಗುತ್ತದೆ. ಯಾರು ಎಷ್ಟೇ ಅವಸರ ಮಾಡಲಿ, ಬುಟ್ಟಿಯ ಬೆನ್ನು ತಟ್ಟಿ ಚಾಚಾನದು ಒಂದೇ ಮಾತು. "ಬೆನ್ನ ಆರ್ಲಿ ರೀ."

ಕಾಯುವವರಿಗೆ ಮೈಯೆಲ್ಲ ಉರಿಯುತ್ತಿತ್ತು. ದಂಡೆಯ ಬೇವಿನ ಮರದ ಕೆಳಗೆ ದಿನಾ ಅದೇ ಜಗಳ. ಭಾಲ್ಕಿಯ ಅರಿವೆ ಅಂಗಡಿಯ ಸಾವಕಾರರು ಕಟ್ಟಿಗೆಯ ದೋಣಿ ತರಿಸಲೇಬೇಕೆಂದು ಹಟ ಹಿಡಿದಿದ್ದರು. ದೋಣಿಯಾದರೆ ಒಂದೇ ಸಲಕ್ಕೆ ಇಡೀ ಸಂತೆ ದಾಟುತ್ತದೆ, ಗಾಣದ ಎತ್ತಿನಂತೆ ಗರಗರ ತಿರುಗುವುದಿಲ್ಲ, ಒಣಗಿಸುವ ಕಾಟವಿಲ್ಲ ಎನ್ನುತ್ತಿದ್ದರು. ಬಳೆಗಾರ್ತಿ ಬಿಡುತ್ತಿರಲಿಲ್ಲ. ದೋಣಿ ದಂಡೆಗೆ ಬಡಿದರೆ ತನ್ನ ಬಳೆಯೆಲ್ಲ ಚೂರು, ಬುಟ್ಟಿಯಾದರೆ ಮೆತ್ತಗೆ ತಾಗುತ್ತದೆ ಎಂದು ಆಕೆಯ ವಾದ. ನಾನೂ ಸಾವಕಾರರ ಕಡೆಯೇ ಇದ್ದೆ. ತವರಿಗೆ ಹೊರಟವಳಿಗೆ ತೊಗಲು ಒಣಗುವುದನ್ನು ಕಾಯುವಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಆಮೇಲೆ ಆ ಕೆಟ್ಟ ವರ್ಷ ಬಂತು. ನಿಜಾಮರ ರಾಜ್ಯ ಉಳಿಯುತ್ತದೋ ಅಳಿಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ನಿಜಾಮರ ಕಡೆಯ ಬಂದೂಕು ಹಿಡಿದವರು ಊರೂರು ತಿರುಗುತ್ತಿದ್ದರು. ನಮ್ಮವರು ಸಾಲಿ ಮಾಸ್ತರರು. ತ್ರಿವರ್ಣ ಬಾವುಟ ಏರಿಸಿದವರಲ್ಲಿ ಅವರೂ ಒಬ್ಬರೆಂದು ಯಾರೋ ಚಾಡಿ ಹೇಳಿದ್ದರು. ಒಂದು ಮಧ್ಯಾಹ್ನ ಇಬ್ಬರೂ ಓಡುತ್ತ ಹೊಳೆಗೆ ಬಂದೆವು. ಹಿಂದೆ ಕುದುರೆಗಳ ಸಪ್ಪಳ. ಹೊಳೆ ತುಂಬಿತ್ತು, ದಾಟಿದರೆ ನಡುನೀರಿನಲ್ಲೇ ಗುಂಡು ಬೀಳುತ್ತಿತ್ತು. ಚಾಚಾ ಬೋರಲು ಹಾಕಿದ್ದ ಹರಿಗೋಲನ್ನು ಭುಜ ಕೊಟ್ಟು ಎತ್ತಿ, ನಮ್ಮನ್ನು ಒಳಗೆ ತಳ್ಳಿದ. ಸಂದಿಗೆ ಹುಲ್ಲು ತುರುಕಿ, ಮೇಲೆ ಎಣ್ಣೆ ತಿಕ್ಕುತ್ತ ಕೂತ.

ಒಳಗೆ ಕತ್ತಲೆ, ಉಸಿರು ಕಟ್ಟುವ ಘಾಟು. ನಮ್ಮವರಿಗೆ ದಮ್ಮಿನ ಕೆಮ್ಮು. ನಾನು ಸೆರಗನ್ನು ಮುದ್ದೆ ಮಾಡಿ ಅವರ ಬಾಯಿಗೆ ಒತ್ತಿ ಹಿಡಿದಿದ್ದೆ. ಹುಲ್ಲಿನ ನಡುವೆ ಬೂಟುಗಳು ಕಂಡವು. ನನ್ನ ಹಲ್ಲು ಕಟಕಟ ಎನ್ನುವುದು ಹೊರಗೆ ಕೇಳಿಸೀತೆಂದು ತುಟಿ ಕಚ್ಚಿಕೊಂಡೆ, ರಕ್ತ ಬಂತು. ಚಾಚಾ ಅವರ ಜೊತೆ ಉರ್ದುವಿನಲ್ಲಿ ನಿಧಾನವಾಗಿ ಮಾತಾಡುತ್ತಿದ್ದ. ತಲೆಯ ಮೇಲೆ ಆತನ ಅಂಗೈ ಸರ್ ಸರ್ ಎಂದು ಓಡಾಡುತ್ತಲೇ ಇತ್ತು. ಆ ಸದ್ದು ನಿಂತರೆ ನಮ್ಮ ಕಥೆ ಮುಗಿಯಿತೆಂದು ನಾನು ಅದನ್ನೇ ಕೇಳುತ್ತ ಕೂತಿದ್ದೆ. ಅದು ನಿಲ್ಲಲಿಲ್ಲ. ಬೂಟುಗಳು ಹೋದವು.

ಪೊಲೀಸ್ ಕಾರ್ಯಾಚರಣೆ ಆಯಿತು, ಭಾರತದ ಮಿಲಿಟರಿ ಬಂತು. ಇನ್ನು ಭಯವಿಲ್ಲವೆಂದು ನಾವು ಹಾಲು ಕುಡಿದಷ್ಟು ಸಂತೋಷಪಟ್ಟೆವು. ಭಯ ಎಲ್ಲಿ ಹೋಗುತ್ತದೆ? ಮನೆ ಬದಲಿಸಿತು ಅಷ್ಟೆ. ಈಗ ಮುಸಲ್ಮಾನರ ಮನೆಗಳ ಬಾಗಿಲು ಹಗಲಲ್ಲೇ ಮುಚ್ಚಿರುತ್ತಿದ್ದವು.

ಒಂದು ದಿನ ನಾವೆಲ್ಲ ದಂಡೆಯಲ್ಲಿ ಕಾಯುತ್ತಿದ್ದಾಗ, ಕೊಡಲಿ ಹಿಡಿದ ಗುಂಪೊಂದು ಈ ಕಡೆ ಬರುತ್ತಿದೆಯೆಂಬ ಸುದ್ದಿ ಬಂತು. ಚಾಚಾ ಆಗಷ್ಟೇ ಹರಿಗೋಲನ್ನು ಮೇಲೆಳೆದು ಬೋರಲು ಹಾಕಿದ್ದ. ಎಣ್ಣೆಯ ಕುಡಿಕೆಯನ್ನು ಕೈಯಿಂದ ಕೆಳಗಿಟ್ಟ. ನಮ್ಮ ಮಾಸ್ತರರೇ ಅಂಚು ಎತ್ತಿ ಹಿಡಿದರು. ಸಾವಕಾರರು ಆತನ ತೋಳು ಹಿಡಿದು, "ಚಾಚಾ, ಒಳಗ ನಡಿ," ಎಂದರು.

ಗುಂಪು ಬಂದಾಗ ಬೇವಿನ ಕೆಳಗೆ ಹಳೆಯ ಜಗಳವೇ ನಡೆದಿತ್ತು. ಸಾವಕಾರರು ಎಂದಿಗಿಂತ ಜೋರಾಗಿ ಈ ಹಾಳು ಬುಟ್ಟಿಯನ್ನು ಬೈಯುತ್ತಿದ್ದರು. ಬಳೆಗಾರ್ತಿ ನಡುಗುವ ದನಿಯಲ್ಲೇ ಎದುರಾಡುತ್ತಿದ್ದಳು. ಮುದುಕ ಎಲ್ಲಿ ಎಂದು ಅವರು ಕೇಳಿದರೆ ಸಾವಕಾರರು ಬೀದರಿಗೆ ಓಡಿಹೋದನೆಂದರು. ಹೋದ ಮಳೆಗಾಲದ ಹೊನಲಿನಲ್ಲಿ ನಾಕು ಕುರಿ ಮುಳುಗಿಸಿದ, ಪೀಡೆ ತೊಲಗಿತು ಎಂದೂ ಸೇರಿಸಿದರು. ಗುಂಪಿನಲ್ಲೊಬ್ಬ ಹರಿಗೋಲಿನ ಮೇಲೆ ಕೈಯಿಟ್ಟ.

"ತೊಗಲು ಹಸೀ ಅದ. ಎತ್ರಿ, ನೋಡಮು."

ಎಣ್ಣೆಯ ಕುಡಿಕೆ ಅಲ್ಲೇ ಇತ್ತು. ಅಂಗೈಗೆ ಸುರಿದುಕೊಂಡು ತಿಕ್ಕತೊಡಗಿದೆ. ಬಾಯಿಂದ ಚಾಚಾನ ಮಾತೇ ಬಂತು.

"ಬೆನ್ನ ಆರ್ಲಿ ರೀ. ಈಗಷ್ಟೇ ನಮ್ಮ ಮಂದೀನೇ ಇದನ್ನ ದಾಟಿಸಿ ತಂದಾರ. ಹಸೀದಾಗ ಎತ್ತಿದ್ರ ಹರೀತದ. ಇದು ಹರಿದ್ರ ನಾ ತವರ ಮನೀಗಿ ಹ್ಯಾಂಗ ಹೋಗ್ಲಿ?"

ಆತ ನನ್ನ ಮುಖ ನೋಡಿದ. ನಾನು ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಒಳಗಿರುವವನಿಗೆ ಆ ಸದ್ದು ಕೇಳಲೇಬೇಕಿತ್ತು. ಹಾಳಾಗಿ ಹೋಗ್ರಿ ಎಂದು ಬೈದು ಅವರು ನಡೆದರು.

ಬಹಳ ಹೊತ್ತಿನ ಮೇಲೆ ಎತ್ತಿದೆವು. ಚಾಚಾ ಬೆವರಿನಲ್ಲಿ ತೊಯ್ದು ಹೋಗಿದ್ದ. ನೀರು ಕುಡಿದು ಸಾವಕಾರರ ಕಡೆ ತಿರುಗಿದ.

"ಉಳಿದದ್ದೇನರ ಅನ್ರಿ ಸಾವ್ಕಾರ್ರ. ಕುರೀ ಮಾತ ಸುಳ್ಳ. ನಾ ಒಂದ್ ಕುರೀನೂ ಮುಳಗ್ಸಿಲ್ಲ."

ಸಾವಕಾರರು ನಗಲು ಹೋಗಿ ಬಿಕ್ಕಿ ಬಿಕ್ಕಿ ಅತ್ತರು.

ಚಾಚಾ ಬದುಕಿರುವವರೆಗೆ ಅವರು ದೋಣಿಯ ಸುದ್ದಿ ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ಜ್ವರ ಬಂದು ಚಾಚಾ ತೀರಿಕೊಂಡ. ನಾವು ಗಂಡ ಹೆಂಡತಿ ಇಬ್ಬರೂ ಹೋಗಿ ಮಣ್ಣು ಕೊಟ್ಟು ಬಂದೆವು. ಆಮೇಲೆ ಕಟ್ಟಿಗೆಯ ದೋಣಿ ಬಂತು. ಒಳ್ಳೆಯ ದೋಣಿ, ಸುಳ್ಳು ಹೇಳಬಾರದು. ತಿರುಗುವುದಿಲ್ಲ, ಕಾಯಿಸುವುದಿಲ್ಲ, ಬಳೆಯೂ ಒಡೆಯಲಿಲ್ಲ. ಮೊದಲ ಸಲ ಹತ್ತುವ ಮುಂಚೆ, ದೋಣಿ ಇನ್ನೂ ದಂಡೆಯ ಮೇಲಿದ್ದಾಗ, ನಾನು ಬಗ್ಗಿ ಅದರ ಅಡಿ ನೋಡಿದೆ. ಯಾಕೆಂದು ನಮ್ಮವರು ಕೇಳಲಿಲ್ಲ, ತಾವೂ ಬಗ್ಗಿದರು. ಅಲ್ಲಿ ಅಡಗಿ ಕೂರಲು ಒಬ್ಬರಿಗೂ ಜಾಗವಿರಲಿಲ್ಲ.