ಅದು ಸ್ಪಾದ ಕಲ್ಲಲ್ಲ

ಮನೆಗೆ ನೆಂಟರು ಬಂದಾಗಲೆಲ್ಲ ನಿಮ್ಮಪ್ಪ ಆ ರೆಸಾರ್ಟಿನ ಕಥೆ ತೆಗೆಯುತ್ತಾನೆ. ಎಲ್ಲರೂ ನಗುತ್ತಾರೆ, ನೀವೂ ನಗುತ್ತೀರಿ. ನಾನು ಚಹಾ ಸೋಸುವ ನೆಪ ಮಾಡಿಕೊಂಡು ಅಡುಗೆಮನೆಯಲ್ಲೇ ನಿಂತುಬಿಡುತ್ತೇನೆ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಈ ತಮಿಳರ ಊರಿನಲ್ಲಿದ್ದರೂ ನಮ್ಮೂರ ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ ಕೈಯಲ್ಲಿದೆ, ಅದರಲ್ಲೇ ಬರೆಯುತ್ತೇನೆ. ನಿಮ್ಮಲ್ಲಿ ದೊಡ್ಡವಳು ಅಕ್ಷರ ಕೂಡಿಸಿಕೊಂಡು ಓದುತ್ತಾಳಲ್ಲ, ತಮ್ಮನಿಗೂ ಓದಿ ಹೇಳಲಿ. ನಡೆದದ್ದು ನಗುವ ವಿಷಯವಾಗಿರಲಿಲ್ಲ.

ಬೇಸಿಗೆ ರಜೆಯಲ್ಲಿ ನಿಮ್ಮಪ್ಪ ಫೋನು ಹಿಡಿದುಕೊಂಡು ಬಂದ. “ಅವ್ವಾ, ದೊಡ್ಡ ಹೋಟ್ಲು, ಸಣ್ಣ ರೇಟು. ಇಂಥಾ ಆಫರ್ ಮತ್ತ ಸಿಗಂಗಿಲ್ಲ.”

“ಸಮುದ್ರ ನೋಡಾಕ ಅಷ್ಟು ದೂರ ಯಾಕೋ? ಬೆಸೆಂಟ್ ನಗರದಾಗ ದಿನಾ ಸಂಜೀಕ ನೋಡತೀವಲ್ಲ.”

“ಅಲ್ಲಿ ಸಮುದ್ರಕ್ಕ ಎಸಿ ಇಲ್ಲವ್ವಾ” ಎಂದ.

ಅಡ್ಯಾರಿನ ಮನೆಗೆ ಬೀಗ ಹಾಕಿ ಕಡಲ ದಂಡೆಯ ಈಸಿಆರ್ ರಸ್ತೆ ಹಿಡಿದು ಹೋದೆವು. ಜಾಗ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ. ಕಿಟಕಿಯ ತುಂಬ ನೀರು, ತೆಂಗಿನಮರ, ಕಾಲಿಟ್ಟರೆ ಜಾರುವಂಥ ನೆಲ. ಎರಡು ಕೋಣೆ ಸಿಕ್ಕಿದ್ದವು. ಒಂದರಲ್ಲಿ ನಾನು ಮತ್ತು ದೊಡ್ಡವಳು, ಪಕ್ಕದ್ದರಲ್ಲಿ ನಿಮ್ಮಪ್ಪ, ನಿಮ್ಮವ್ವ, ಚಿಕ್ಕವನು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಪೂಜೆಗೆ ಕೂರಲು ಅಣಿಯಾದೆ. ನಾನು ಪೂಜೆ ಮಾಡುವುದನ್ನು ನೀವು ದಿನಾ ನೋಡುತ್ತೀರಿ. ಕೊರಳಿನ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿ ಇಟ್ಟುಕೊಂಡು ನೀರು, ಭಸ್ಮ, ಹೂವು ಏರಿಸಬೇಕು. ಅದಾಗುವ ತನಕ ನಾನು ಗುಟುಕು ನೀರನ್ನೂ ಕುಡಿಯುವುದಿಲ್ಲ. ಆ ದಿನ ಬಿಚ್ಚುವಾಗ ದಾರ ತುಂಡಾಯಿತು. ಲಿಂಗ ಸುತ್ತುವ ಬಿಳಿ ಬಟ್ಟೆಯನ್ನು ಮೇಜಿಗೆ ಹಾಸಿ ಅದರ ಮೇಲಿಟ್ಟೆ. ದೊಡ್ಡವಳು ಆಗಲೇ ಪಕ್ಕದ ಕೋಣೆಗೆ ಹೋಗಿದ್ದಳು. ನಾನೂ ದಾರ ಕೇಳಲು ಅಲ್ಲಿಗೆ ಹೊರಟೆ. ದೀಪ ಆರಿಸೋಣವೆಂದು ಬಾಗಿಲ ಬಳಿಯ ಗುಂಡಿಗಳನ್ನೆಲ್ಲ ಒತ್ತಿದೆ. ಅದರಲ್ಲಿ ಒಂದು ಕೋಣೆ ಗುಡಿಸುವವರನ್ನು ಕರೆಯುವ ಗುಂಡಿಯೆಂದು ನನಗೆ ಹೇಗೆ ತಿಳಿಯಬೇಕು?

ನಿಮ್ಮವ್ವ ಚೀಲವನ್ನೆಲ್ಲ ತಲೆಕೆಳಗು ಮಾಡಿ ಅರ್ಧ ಗಂಟೆ ಹುಡುಕಿ ದಾರ ಕೊಟ್ಟಳು. ನಾನೂ ದೊಡ್ಡವಳೂ ಮರಳಿ ಬಂದು ನೋಡಿದರೆ ಹಾಸಿಗೆ ಸುಕ್ಕಿಲ್ಲದೆ ಬಿದ್ದಿತ್ತು. ಟವೆಲ್ಲಿನಲ್ಲಿ ಮಾಡಿದ ಬಾತುಕೋಳಿಯೊಂದು ಅದರ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಮೇಜು ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ.

ಬಗ್ಗಿ ಮಂಚದ ಕೆಳಗೆ ನೋಡಿದೆ, ಕಸದ ಡಬ್ಬಿಯಲ್ಲಿ ನೋಡಿದೆ. ದೊಡ್ಡವಳು ಓಡಿಹೋಗಿ ಅಪ್ಪನನ್ನು ಕರೆತಂದಳು, ಎಲ್ಲರೂ ಕೆಳಗೆ ಕೌಂಟರಿಗೆ ಇಳಿದೆವು. ಅಲ್ಲಿ ಕೋಟು ಹಾಕಿದ ಮ್ಯಾನೇಜರ್ ನಿಂತಿದ್ದ.

“ಗೋಲ್ಡಾ ಸಾರ್? ಸಿಲ್ವರಾ?” ಎಂದು ಕೇಳಿದ.

ನಿಮ್ಮಪ್ಪ ಕೈಬೆರಳು ದುಂಡಗೆ ಮಾಡಿ, ಕಪ್ಪಗೆ ಇಷ್ಟು ಸಣ್ಣದು, ಕಲ್ಲಿನ ಹಾಗೆ ಇರುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಮ್ಯಾನೇಜರನ ಮುಖ ಅರಳಿತು. ಪಕ್ಕದಲ್ಲಿದ್ದ ಕೌಂಟರಿನ ಹುಡುಗಿಯನ್ನು ನೋಡಿ ನಕ್ಕ.

“ಓ, ಸ್ಪಾ ಸ್ಟೋನ್! ಅದು ನಮ್ಮದು ಸಾರ್.”

ಅಲ್ಲಿ ಮೈಮೇಲೆ ಬಿಸಿ ಕಲ್ಲಿಟ್ಟು ಮಸಾಜು ಮಾಡುತ್ತಾರಂತೆ. ಬಂದವರು ಒಂದೊಂದು ಕಲ್ಲು ಬಚ್ಚಿಟ್ಟುಕೊಂಡು ಹೋಗುತ್ತಾರಂತೆ. ಅದಕ್ಕೆ ಕೋಣೆಯಲ್ಲಿ ಕಪ್ಪು ಕಲ್ಲು ಕಂಡರೆ ತೆಗೆದುಕೊಂಡು ಹೋಗಿ ಸ್ಪಾಗೆ ಕೊಡಬೇಕೆಂದು ಗುಡಿಸುವವರಿಗೆ ಅಪ್ಪಣೆ ಇತ್ತಂತೆ. ಇಷ್ಟು ಹೇಳಿ ಅವನು ನನ್ನ ಕಡೆ ತಿರುಗಿ, “ಪರವಾಯಿಲ್ಲೆ ಪಾಟಿ, ಚಾರ್ಜ್ ಪಣ್ಣ ಮಾಟ್ಟೋಂ” ಎಂದ. ಪರವಾಗಿಲ್ಲ ಅಜ್ಜಿ, ದಂಡ ಹಾಕುವುದಿಲ್ಲ!

ಯೋಚಿಸಿ ನೋಡಿ ಮಕ್ಕಳೇ. ನನ್ನ ಲಿಂಗವನ್ನು ಎತ್ತಿಕೊಂಡು ಹೋದವರು ಅವರು, ಕಳ್ಳಿಯಾದವಳು ನಾನು, ಮೇಲೆ ಕ್ಷಮೆ ಬೇರೆ! ಮೈಯೆಲ್ಲ ಉರಿಯಿತು. ಅದು ಕಲ್ಲಲ್ಲ, ಲಿಂಗ ಎಂದು ನಿಮ್ಮಪ್ಪ ಹೇಳುತ್ತಾನೆಂದು ಕಾದೆ. ಅವನು ಹಿಂದೆ ಸಾಲು ನಿಂತವರನ್ನು ನೋಡಿದ, ಗಡಿಯಾರ ನೋಡಿದ, ನನ್ನ ಕಿವಿಯ ಬಳಿ ಬಗ್ಗಿದ.

“ಅವ್ವಾ, ಮಂದಿ ನೋಡಾಕತ್ತಾರ. ಊರಿಗೆ ಹೋದಾಗ ಸ್ವಾಮಿಗಳ ಹತ್ರ ಹೊಸಾದು ಕಟ್ಟಿಸ್ಕೊಂಡು ಬರೂಣು. ಈಗ ಬಾ, ನಾಷ್ಟಾ ಮುಗದ ಹೋಗ್ತದ.”

ಮ್ಯಾನೇಜರನ ಮಾತಿಗಿಂತ ಈ ಮಾತು ಹೆಚ್ಚು ಸುಟ್ಟಿತು. ಹೊರಗಿನವನಿಗೆ ತಿಳಿಯದು, ಬಿಡಿ. ಇವನಿಗೆ? ಮೂಗಿಗೆ ಮೂಗುತಿ ಚುಚ್ಚುವ ಮೊದಲೇ ನನ್ನ ಕೊರಳಿಗೆ ಬಂದದ್ದು ಅದು. ಇವನನ್ನು ಹಡೆಯುವಾಗ ಆಸ್ಪತ್ರೆಯಲ್ಲಿ ಬಳೆ ಬಿಚ್ಚಿಸಿದರು, ತಾಳಿ ಬಿಚ್ಚಿಸಿದರು. ಲಿಂಗ ಬಿಚ್ಚುವುದಿಲ್ಲವೆಂದು ಹಟ ಹಿಡಿದದ್ದಕ್ಕೆ ನರ್ಸಮ್ಮ ಬೈದುಕೊಂಡೇ ಅದನ್ನು ನನ್ನ ತೋಳಿಗೆ ಕಟ್ಟಿದಳು. ನಿಮ್ಮ ತಾತನನ್ನು ಮಣ್ಣಿಗೆ ಇಳಿಸಿದಾಗ ಅವರ ಲಿಂಗ ಅವರ ಅಂಗೈಯಲ್ಲಿತ್ತು, ಇಟ್ಟವನು ಇದೇ ಮಗ. ನಮ್ಮಲ್ಲಿ ಬದುಕಿನುದ್ದ ಜೊತೆಗಿದ್ದದ್ದೇ ಕೊನೆಗೂ ಜೊತೆಗೆ ಹೋಗಬೇಕು. ಅಂಗಡಿಯ ಚಪ್ಪಲಿಯೇ, ಕಳೆದರೆ ಇನ್ನೊಂದು ಜೊತೆ ತರಲು?

“ಯಾಕಪ್ಪಾ, ಅವ್ವನ್ನೂ ಹೊಸಾಕಿನ್ನ ತರಾಂವ ಏನು?” ಎಂದೆ. ಎಷ್ಟು ಜೋರಾಗಿ ಅಂದೆನೋ, ಕೌಂಟರಿನ ಹುಡುಗಿ ತಲೆ ಎತ್ತಿದಳು. ನಿಮ್ಮವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಹೆದರಿಕೆಯೋ ಗೊತ್ತಿಲ್ಲ.

ಆಗ ದೊಡ್ಡವಳು ನನ್ನ ಕೈ ಹಿಡಿದೆಳೆದಳು. “ಅಜ್ಜಿ, ವಾಂಗ. ಸ್ಪಾ ಎಂಗೆನ್ನು ಎನಕ್ಕು ತೆರಿಯುಂ.” ಸ್ಪಾ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಕನ್ನಡದಲ್ಲಿ ಹೇಳು ಎನ್ನುತ್ತಿದ್ದೆ. ಆ ದಿನ ಅವಳ ಹಿಂದೆ ಬರಿಗಾಲಲ್ಲಿ ಓಡಿದೆ.

ಸ್ಪಾದಲ್ಲಿ ಮಂದ ಬೆಳಕು, ಎಲ್ಲಿಂದಲೋ ಕೊಳಲಿನ ಸದ್ದು. ಬಾಗಿಲಲ್ಲಿದ್ದವಳು “ಅಪಾಯಿಂಟ್‌ಮೆಂಟ್ ಇರುಕ್ಕಾ ಪಾಟಿ?” ಎಂದು ಕೇಳುವಷ್ಟರಲ್ಲಿ ನಾನು ಒಳಗಿದ್ದೆ. ಮೂಲೆಯಲ್ಲಿ ಕರೆಂಟಿನ ಅಗಲವಾದ ಪಾತ್ರೆ, ಅದರ ತುಂಬ ಹಬೆಯಾಡುವ ನೀರು, ತಳದಲ್ಲಿ ಕಪ್ಪು ಕಲ್ಲುಗಳು.

“ಕೈ ವೆಕ್ಕಾದೀಂಗ, ಸೂಡು!” ಎಂದು ಅವಳು ಕೂಗಿದಳು. ಕೈ ಹಾಕಬೇಡಿ ಎಂದಳು; ಸುಡುತ್ತದೆಂದು ನನಗೂ ಕಾಣುತ್ತಿತ್ತು. ಮೊಣಕೈವರೆಗೆ ಕೈ ಹಾಕಿದೆ. ಉಳಿದವೆಲ್ಲ ಚಪ್ಪಟೆ, ಹೊಳೆಯ ಕಲ್ಲಿನಂತೆ ಭಾರ. ಒಂದು ಮಾತ್ರ ಕೆಳಗೆ ಸಮ, ಮೇಲೆ ಗುಂಡಗೆ. ಕಣ್ಣಿನ ಸಹಾಯ ಬೇಕಾಗಲಿಲ್ಲ. ಹೊರಗೆ ತೆಗೆದೆ. ಲಿಂಗದ ಮೇಲೆ ಮೆತ್ತಿರುವ ಕಪ್ಪು ಲೇಪ ಕಾದು ಮೆತ್ತಗಾಗಿತ್ತು, ನನ್ನ ಹೆಬ್ಬೆರಳು ಅದರೊಳಗೆ ಕೊಂಚ ಇಳಿಯಿತು.

ಅಷ್ಟರಲ್ಲಿ ಮ್ಯಾನೇಜರೂ ನಿಮ್ಮಪ್ಪನೂ ಬಂದರು. ನನ್ನ ಕೆಂಪಾದ ಕೈ, ಅದರೊಳಗಿನ ಲಿಂಗ ನೋಡಿ ಅದು ತಮ್ಮ ಕಲ್ಲಲ್ಲವೆಂದು ಮ್ಯಾನೇಜರಿಗೆ ಈಗ ಹೊಳೆದಂತಿತ್ತು. ಸಾರಿ ಮೇಡಂ, ಸಾರಿ ಮೇಡಂ, ತಪ್ಪಾಯಿತು, ನಿಮ್ಮ ಮನೆಯವರಿಗೆ ಫ್ರೀಯಾಗಿ ಮಸಾಜು ಮಾಡಿಸುತ್ತೇವೆ ಎಂದ. ನಿಮ್ಮಪ್ಪ, “ಎಲ್ಲರಿಗೂನಾ?” ಎಂದು ಕೇಳಿದ. ಇದನ್ನು ಅವನು ನೆಂಟರಿಗೆ ಹೇಳುವುದಿಲ್ಲ, ಗಮನಿಸಿ.

ನಾನು ಅವರಿಬ್ಬರನ್ನೂ ದಾಟಿ ಒಂದು ಲೋಟ ತಣ್ಣೀರು ಕೇಳಿ ಪಡೆದು ಹೊರಗಿನ ವರಾಂಡದ ನೆಲದ ಮೇಲೆ ಪೂಜೆಗೆ ಕೂತೆ. ಮ್ಯಾನೇಜರ್ ಹಿಂದೆಯೇ ಬಂದ.

“ಮೇಡಂ, ಪ್ಲೀಸ್, ಇಂಗೆ ವೇಂಡಾಂ. ಗೆಸ್ಟ್ ವರುವಾಂಗ.” ಇಲ್ಲಿ ಬೇಡವಂತೆ, ಗೆಸ್ಟ್ ಬರುತ್ತಾರಂತೆ.

“ನಾನುಂ ಗೆಸ್ಟ್ ದಾನ್” ಎಂದೆ.

ತರಕಾರಿಯವನ ಹತ್ತಿರ ಬಿಟ್ಟರೆ ನಾನು ತಮಿಳು ಆಡಿದ್ದು ಅದೇ ಮೊದಲು. ಅವನು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಈಜುಡುಗೆಯವರು, ಒದ್ದೆ ತಲೆಯವರು ನನ್ನನ್ನು ಸುತ್ತಿ ನಡೆದುಹೋದರು. ದೊಡ್ಡವಳು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನೀರು ಹನಿಸಿದಳು. ಭಸ್ಮ ಕೋಣೆಯಲ್ಲಿತ್ತು, ಹೂವು ಇರಲೇ ಇಲ್ಲ. ನೀರಿನಲ್ಲೇ ಪೂಜೆ ಮುಗಿಸಿ ತೀರ್ಥ ಕುಡಿದೆ, ಅವಳ ಅಂಗೈಗೂ ಹಾಕಿದೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹೊಸ ದಾರದಲ್ಲಿ ಕಟ್ಟಿಕೊಂಡ ಮೇಲೆಯೇ ಎದ್ದೆ.

ಲೇಪ ಆರಿ ಗಟ್ಟಿಯಾಯಿತು, ಹೆಬ್ಬೆರಳಿನ ಗುರುತು ಹಾಗೆಯೇ ಉಳಿಯಿತು. ಊರಿಗೆ ಕಳಿಸಿ ಮತ್ತೆ ನುಣ್ಣಗೆ ಲೇಪ ಹಾಕಿಸುತ್ತೇನೆ, ಕೊಡು ಎಂದು ನಿಮ್ಮಪ್ಪ ಎರಡು ಸಲ ಕೇಳಿದ. ಕೊಡಲಿಲ್ಲ. ಇನ್ನು ಯಾವ ಹೋಟೆಲಿನವನು ಬಂದು ಇದು ನಮ್ಮದು ಎನ್ನುತ್ತಾನೋ ಎನ್ನಲಿ, ನನ್ನ ಬೆರಳು ಇಟ್ಟು ತೋರಿಸುತ್ತೇನೆ.